ಅಪ್ಪ ಎಲ್ಲಿ ಅಂದರೆ ‘ಅಮಾಸಿಗೆ ಬರ್ತಾನ’ ಅನ್ನಬೇಡಿ

ಈ ತಿಂಗಳ ಪತ್ರಗಳಲ್ಲೂ ಅದೇ ಪ್ರಶ್ನೆ: ಅಪ್ಪ ಇಲ್ಲದ ಮಕ್ಕಳು ದಾರಿ ತಪ್ಪುತ್ತಾರೆಯೇ? ಇಂಡಿ, ಮುದ್ದೇಬಿಹಾಳ, ಜಮಖಂಡಿ, ಊರು ಮಾತ್ರ ಬೇರೆ. ಒಮ್ಮೆ ಪೂರ್ತಿ ಉತ್ತರಿಸಿ ಕೈತೊಳೆದುಕೊಳ್ಳುತ್ತೇನೆ.

ಪ್ರಶ್ನೆ: ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಹೋದ ಗಂಡ ನಾಲ್ಕು ವರ್ಷವಾದರೂ ಬಂದಿಲ್ಲ. ಅಲ್ಲೇ ಬೇರೆ ಸಂಸಾರ ಹೂಡಿದ್ದಾರಂತೆ. ಆರನೇ ಇಯತ್ತೆಯ ಮಗ ಶಾಲೆಯಲ್ಲಿ ಹುಡುಗರನ್ನು ಹೊಡೆಯುತ್ತಾನೆ. ‘ಅಪ್ಪನ ಅಂಜಿಕಿ ಇಲ್ಲದ ಹುಡುಗ ಹಿಂಗ ಆಗೂದು, ಹಾಸ್ಟೆಲಿಗೆ ಹಾಕು’ ಅನ್ನುತ್ತಾನೆ ನಮ್ಮಣ್ಣ. ತಂದೆ ಇಲ್ಲದ ಮಕ್ಕಳು ದಾರಿ ತಪ್ಪುವುದು ನಿಜವೇ? (ಇಂಡಿ ತಾಲ್ಲೂಕು)

ಉತ್ತರ: ಇಲ್ಲ ತಂಗಿ. ಅಪ್ಪನ ಅಂಜಿಕೆಯೇ ಮದ್ದಾಗಿದ್ದರೆ, ಕುಡಿದು ಬಂದು ಬಡಿಯುವ ಅಪ್ಪಂದಿರ ಮಕ್ಕಳು ನನ್ನ ಬಳಿ ಯಾಕೆ ಬರುತ್ತಿದ್ದರು? ಮಗುವಿಗೆ ಪೆಟ್ಟು ಬೀಳುವುದು ಬೇರೆ ಕಡೆಯಿಂದ. ಮನೆಗೆ ಬರುವ ದುಡ್ಡು ಒಮ್ಮೆಲೇ ಇಳಿಯುತ್ತದೆ. ಬಾಡಿಗೆ ಕಟ್ಟಲಾಗದೆ ತವರು ಸೇರುತ್ತೀರಿ, ಶಾಲೆ ಬದಲಾಗುತ್ತದೆ, ಲಿಂಬೆ ತೋಟದ ಕೂಲಿ ಮುಗಿಸಿ ಬರುವಷ್ಟರಲ್ಲಿ ಹುಡುಗ ಉಂಡು ಮಲಗಿರುತ್ತಾನೆ.

ಇವೆಲ್ಲದರ ಮೇಲೆ ಒಂದು ಸುಳ್ಳು. ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ಅಮಾವಾಸ್ಯೆ ಬಂತೆಂದರೆ ಬಸ್ ಸ್ಟ್ಯಾಂಡಿಗೆ ಹೋಗಿ ಪಣಜಿ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತ ನಿಲ್ಲುತ್ತಿದ್ದ. ‘ಅಮಾಸಿಗೆ ಬರ್ತಾನ’ ಅಂದಿದ್ದಳು ಅವ್ವ. ಓಣಿಗೆಲ್ಲ ನಿಜ ಗೊತ್ತಿತ್ತು. ಅದನ್ನು ಆಡಿ ತೋರಿಸಿದವನ ಹಲ್ಲು ಮುರಿಯಿತು. ನಿಮ್ಮ ಮಗ ಯಾವ ಮಾತಿಗೆ ಕೈ ಎತ್ತಿದ? ಎರಡು ಪುಟದ ಪತ್ರದಲ್ಲಿ ಅದೊಂದೇ ಇಲ್ಲ.

ಇವತ್ತೇ ಹೇಳಿ: ‘ಅಪ್ಪ ಬ್ಯಾರೆ ಮನಿಯಾಗ ಇರ್ತಾನ. ಬರೂದಿಲ್ಲ. ಇದರಾಗ ನಿಂದೇನೂ ತಪ್ಪಿಲ್ಲ. ನಾ ಎಲ್ಲೂ ಹೋಗೂದಿಲ್ಲ.’ ಅಪ್ಪನನ್ನು ಬೈಯಬೇಡಿ, ಮಗ ಅತ್ತರೆ ಅಳಲಿ. ಓದಿಗಾಗಿ ಹಾಸ್ಟೆಲಾದರೆ ನನ್ನ ತಕರಾರಿಲ್ಲ. ಶಿಕ್ಷೆಯೆಂದು ಹಾಕಿದರೆ ಅಪ್ಪನ ಹಿಂದೆ ಅವ್ವನೂ ಹೋದಳು ಎಂದೇ ಅವನ ಲೆಕ್ಕ.

ಇನ್ನು ದುಡ್ಡು. ಗಂಡ ಗೋವಾದಲ್ಲಿದ್ದರೂ ನೀವು ವಾಸವಿರುವ ಕಡೆಯ ಕೋರ್ಟಿನಲ್ಲೇ ಜೀವನಾಂಶ ಕೇಳಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ತಡಮಾಡಿದಷ್ಟೂ ನಷ್ಟ ನಿಮಗೇ. ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ಹಿರಿಯರು ಕೂಡಿ ಬಾಂಡ್ ಪೇಪರಿನಲ್ಲಿ ಸೋಡಚೀಟಿ (ಗಂಡ ಹೆಂಡತಿ ಬೇರೆಯಾದರೆಂಬ ಕರಾರು) ಬರೆಸಲು ಬಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಈ ವಿಷಯದಲ್ಲಿ ನಾನು ಅತಿ ಅಂಜುಬುರುಕಿ. ಸಹಿ ಮಾಡಿ ಅತ್ತವರನ್ನು ಬಹಳ ಕಂಡಿದ್ದೇನೆ.

ಪ್ರಶ್ನೆ: ಎಂಟು ವರ್ಷದ ಮಗಳು ಹಾಸಿಗೆ ಒದ್ದೆ ಮಾಡುತ್ತಾಳೆ. ತೀರಿಹೋದ ತಂದೆಯ ಕಾಟ ಎಂದು ಒಬ್ಬರು 21 ಲಿಂಬೆಹಣ್ಣು, ಐದು ಸಾವಿರ ರೂಪಾಯಿ ಕೇಳಿದ್ದಾರೆ.

ಉತ್ತರ: ಲಿಂಬೆಹಣ್ಣು ಉಪ್ಪಿನಕಾಯಿಗೆ ಇರಲಿ. ಮೂತ್ರದ ಸೋಂಕಿರಬಹುದು, ದುಃಖವೂ ಇರಬಹುದು. ಮಕ್ಕಳ ವೈದ್ಯರಲ್ಲಿ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಐದು ಸಾವಿರ ಕೇಳಿದ ಕಳ್ಳನನ್ನು ಹೊಸ್ತಿಲು ದಾಟಿಸಬೇಡಿ.

ಪ್ರಶ್ನೆ: ಹೆಣ್ಣುಮಕ್ಕಳು ಓದಿ ವಿಚ್ಛೇದನ ಕೇಳುವುದರಿಂದಲೇ ಒಬ್ಬರೇ ಪಾಲಕರಿರುವ ಮನೆಗಳು ಹೆಚ್ಚಿವೆ ಅಲ್ಲವೇ?

ಉತ್ತರ: ಅಲ್ಲ. 2011ರ ಜನಗಣತಿ ತೆರೆದು ನೋಡಿ. ದೇಶದಲ್ಲಿ ವಿಧವೆಯರೇ ನಾಲ್ಕು ಕೋಟಿ ದಾಟಿದ್ದಾರೆ. ವಿಚ್ಛೇದಿತರಿಗಿಂತ ಸುಮ್ಮನೆ ಬೇರೆಯಾಗಿ ಇರುವವರು ಎರಡು ಪಟ್ಟಿಗಿಂತ ಹೆಚ್ಚು.

ಪ್ರಶ್ನೆ: ಪಾಸ್‌ಪೋರ್ಟಿಗೆ ತಂದೆಯ ಹೆಸರು ಬೇಕೇ ಬೇಕೇ?

ಉತ್ತರ: ಬೇಡ. 2016ರ ಡಿಸೆಂಬರಿನಿಂದ ಒಬ್ಬ ಪಾಲಕರ ಹೆಸರು ಸಾಕು.

ಪ್ರಶ್ನೆ: ಹೆಂಡತಿ ತೀರಿಕೊಂಡು ಆರು ತಿಂಗಳು. ಇಬ್ಬರು ಮಕ್ಕಳು. ಅಡುಗೆಗಾದರೂ ಮದುವೆಯಾಗು ಅನ್ನುತ್ತಾರೆ.

ಉತ್ತರ: ರೊಟ್ಟಿ ಬಡಿಯಲು ಕಲಿಯಿರಿ. ಅದಾದ ಮೇಲೂ ಮದುವೆ ಬೇಕೆನಿಸಿದರೆ ಬರೆಯಿರಿ.