ದಿಬ್ಬದ ಜಮೀನಿನದು ಹಳೆ ಮೆಕ್ಕಲು ಮಣ್ಣೇ?

ಪ್ರಶ್ನೆ: ಸರ್, ನಮ್ಮದು ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕು. ಹೇಮಾವತಿ ದಡದಲ್ಲಿ ಒಂದು ತುಂಡು ಜಮೀನಿದೆ, ಮೇಲೆ ದಿಬ್ಬದಲ್ಲಿ ಇನ್ನೊಂದು ತುಂಡು. ಮೆಕ್ಕಲು ಮಣ್ಣಲ್ಲಿ ಹಳೆಯದು ಭಾಂಗರ್, ಹೊಸದು ಖಾದರ್, ಹೊಸದೇ ಹೆಚ್ಚು ಫಲವತ್ತು ಅಂತ ಮಗಳ ಭೂಗೋಳ ಪಾಠದಲ್ಲಿದೆ. ನಮ್ಮ ದಿಬ್ಬದ್ದು ಭಾಂಗರ್ ತಾನೇ? ಅದಕ್ಕೇ ಅಲ್ಲಿ ಬೆಳೆ ಕಡಿಮೆಯಾ?

ಉತ್ತರ: ದಿಬ್ಬದ್ದು ಭಾಂಗರ್ ಆಗಿರುವ ಸಾಧ್ಯತೆ ತುಂಬಾ ಕಡಿಮೆ. ಯಾಕೆ ಅಂತ ಹೇಳುತ್ತೇನೆ.

ಪಾಠದಲ್ಲಿರುವುದು ಗಂಗಾ ಬಯಲಿನ ಮಾತು. ಅಲ್ಲಿ ನದಿಗಳು ಸಾವಿರಾರು ವರ್ಷ ಹಿಮಾಲಯದ ಮಣ್ಣನ್ನು ತಂದು ಹರಡಿವೆ. ಆಮೇಲೆ ಅದೇ ಹಾಸನ್ನು ಕೊರೆದುಕೊಂಡು ಕೆಳಗಿಳಿದಿವೆ. ನೆರೆ ಮುಟ್ಟದ ಎತ್ತರದಲ್ಲಿ ಉಳಿದದ್ದೇ ಭಾಂಗರ್. ಅದರಲ್ಲಿ ಜೇಡಿ ಜಾಸ್ತಿ, ಬಣ್ಣ ಸ್ವಲ್ಪ ಕಪ್ಪು. ಮಳೆನೀರು ಮೇಲಿನ ಸುಣ್ಣವನ್ನು ಕರಗಿಸಿ ಕೆಳಗಿಳಿಸುತ್ತದೆ. ಅಲ್ಲಿ ಅದು ಗಂಟುಗಂಟಾಗಿ ಕೂರುತ್ತದೆ. ಆ ಗಂಟುಗಳಿಗೆ ಅವರು ಕಂಕರ್ ಅನ್ನುತ್ತಾರೆ. ನೀರು ಸರಿಯಾಗಿ ಬಸಿಯದ ಕಡೆ ಮೇಲೆ ಬಿಳಿ ಉಪ್ಪು ಕೂಡ ಹೊಮ್ಮುತ್ತದೆ. ಖಾದರ್ ನದಿಯ ಪಕ್ಕದ ತಗ್ಗಿನ ಮಣ್ಣು. ನೆರೆ ಬಂದಾಗಲೆಲ್ಲ ಅಲ್ಲಿ ಹೊಸ ಗೋಡು ಕೂರುತ್ತದೆ. ಬಣ್ಣ ತಿಳಿ, ಮಣ್ಣು ಸಡಿಲ, ಸುಣ್ಣದ ಗಂಟು ಅಪರೂಪ.

ಹಾಗಂತ ಭಾಂಗರ್ ಕೆಟ್ಟ ಮಣ್ಣು ಅಂದುಕೊಳ್ಳಬೇಡಿ. ಪಂಜಾಬ್, ಉತ್ತರ ಪ್ರದೇಶದ ಗೋಧಿ, ಕಬ್ಬಿನ ಹೊಲಗಳಲ್ಲಿ ಬಹಳಷ್ಟು ಅದರ ಮೇಲೇ ಇವೆ. ಸುಣ್ಣ ಹೆಚ್ಚಿದ್ದರೆ ರಂಜಕ ಮತ್ತು ಸತು ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ, ಅಷ್ಟು ನೋಡಿಕೊಳ್ಳಬೇಕು. ಇನ್ನು ಖಾದರಲ್ಲಿ ಮರಳು ಹೆಚ್ಚಿರುವ ಜಾಗ ಬೇಗ ಒಣಗುತ್ತದೆ. ನೆರೆಯ ಭಯವಂತೂ ಇದ್ದದ್ದೇ. ಸಾರಜನಕ ಸಾಮಾನ್ಯವಾಗಿ ಎರಡರಲ್ಲೂ ಕಡಿಮೆ.

ಈಗ ನಿಮ್ಮ ಜಮೀನಿಗೆ ಬರೋಣ. ಹೇಮಾವತಿ ಮೂಡಿಗೆರೆ ಕಡೆಯ ಬೆಟ್ಟದಲ್ಲಿ ಹುಟ್ಟಿ, ಬಹುಪಾಲು ಗಟ್ಟಿ ಕಲ್ಲಿನ ನೆಲದಲ್ಲೇ ಹರಿದು ಬರುವ ಹೊಳೆ. ಗಂಗೆಯ ಹಾಗೆ ಅಗಲವಾದ ಮೆಕ್ಕಲು ಬಯಲು ಇಲ್ಲಿಲ್ಲ, ದಡದ ಉದ್ದಕ್ಕೂ ಒಂದು ಪಟ್ಟಿಯಷ್ಟೇ. ನಿಮ್ಮ ಕಡೆ ದಿಬ್ಬದಲ್ಲಿ ಸಾಮಾನ್ಯವಾಗಿ ಸಿಗುವುದು ಕೆಂಪು ಮಣ್ಣು. ಅದನ್ನು ಹೊಳೆ ತಂದದ್ದಲ್ಲ, ಅಡಿಯ ಕಲ್ಲು ಅಲ್ಲೇ ಸವೆದು ಮಣ್ಣಾದದ್ದು.

ಬರೀ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ದಿಬ್ಬದಲ್ಲಿ ಮೂರು ನಾಲ್ಕು ಅಡಿ ಗುಂಡಿ ತೆಗೆಸಿ. ನುಣ್ಣಗೆ ಉರುಟಾದ ಕಲ್ಲು, ಮರಳು, ಗೋಡು ಪದರ ಪದರವಾಗಿ ಕಂಡರೆ ಹಿಂದೊಮ್ಮೆ ಹೊಳೆ ಅಲ್ಲಿ ಹರಿದಿದೆ, ಅದು ಹಳೆ ಮೆಕ್ಕಲೇ. ಚೂಪು ಅಂಚಿನ ಬೆಣಚುಕಲ್ಲಿನ ಚೂರು, ಅದರ ಕೆಳಗೆ ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು ಸಿಕ್ಕರೆ ಅದು ಅಲ್ಲೇ ಹುಟ್ಟಿದ ಮಣ್ಣು. ಬೆಳೆ ಕಡಿಮೆ ಬರುವುದಕ್ಕೆ ಆಗ ಕಾರಣವೂ ಬೇರೆ: ಇಂಥ ಮಣ್ಣಿನ ಆಳ ಕಡಿಮೆ ಇರಬಹುದು, ಸಾವಯವ ಅಂಶವೂ ಸಾಲದು, ನೀರು ನಿಲ್ಲುವುದಿಲ್ಲ. ಸಗಣಿ ಗೊಬ್ಬರ, ಕೆರೆ ಗೋಡು ಹಾಕಿ, ಇಳಿಜಾರಿಗೆ ಅಡ್ಡವಾಗಿ ಬದು ಕಟ್ಟಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ದಡದ ಜಮೀನನ್ನು ಹೊಳೆಯೇ ಸಾಕುತ್ತದೆ ಅಂತ ಸುಮ್ನೆ ಬಿಡಬೇಡಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು, ನೀವಿರುವುದು ಅದರ ಕೆಳಗೆ. ಮೇಲಿಂದ ಬರುವ ಗೋಡಿನ ಬಹುಪಾಲು ಜಲಾಶಯದಲ್ಲೇ ತಳ ಸೇರುತ್ತದೆ. ಹಿರಿಯರ ಕಾಲದಲ್ಲಿ ನೆರೆ ತಂದು ಹಾಕುತ್ತಿದ್ದಷ್ಟು ಹೊಸ ಮಣ್ಣು ಈಗ ಬರುವುದಿಲ್ಲ, ಅಲ್ವಾ? ಅಲ್ಲಿಗೂ ಗೊಬ್ಬರ ಬೇಕು.

ಎರಡೂ ತುಂಡಿನ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ, ಒಂದಕ್ಕೊಂದು ಬೆರೆಸಬೇಡಿ. ಒಂದೊಂದು ತುಂಡಿನಲ್ಲೂ ಏಳೆಂಟು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ. ಅರ್ಧ ಕೆಜಿ ಸಾಕು. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗೊಬ್ಬರ ಹಾಕಿದ ಹೊಸದರಲ್ಲಿ ಮಾತ್ರ ಮಣ್ಣು ತೆಗೆಯಬೇಡಿ.