ಓದುಗರ ಪ್ರಶ್ನೆ: ಯಂತ್ರವನ್ನು ಎಷ್ಟು ನಂಬೋಣ?

ಈ ಸಲ ಬಂದ ಪತ್ರಗಳನ್ನು ಓದುತ್ತಾ ಒಂದು ವಿಷಯ ಗಮನಕ್ಕೆ ಬಂತು. ಬರೆದವರ ಕೆಲಸ ಬೇರೆ ಬೇರೆ, ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಅವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಾನು ನರ್ಸಿಂಗ್ ಓದುತ್ತಿದ್ದೇನೆ. ಮೊನ್ನೆ ಒಬ್ಬ ರೋಗಿಯ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 84 ತೋರಿಸಿತು. ಗಾಬರಿಯಾಗಿ ಬೇರೆ ಬೆರಳಿಗೆ ಹಾಕಿದೆ, 97 ಬಂತು. ಅವರು ಆರಾಮಾಗಿ ಮಾತಾಡುತ್ತಿದ್ದರು. ಯಂತ್ರವನ್ನು ನಂಬಬೇಕಾ, ರೋಗಿಯನ್ನು ನಂಬಬೇಕಾ?

ಉತ್ತರ: ಗಾಬರಿಯಲ್ಲೂ ಇನ್ನೊಂದು ಬೆರಳಿಗೆ ಹಾಕಿ ನೋಡಬೇಕು ಅಂತ ನಿಮಗೆ ಹೊಳೆಯಿತಲ್ಲ, ಅದು ತುಂಬಾ ಒಳ್ಳೆಯದು. ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಅಂತ ಹೇಳುವ ಈ ಪುಟ್ಟ ಯಂತ್ರ ರಕ್ತವನ್ನು ಮುಟ್ಟುವುದೇ ಇಲ್ಲ. ಅದು ನೋಡುವುದು ಬರೀ ಬೆಳಕನ್ನು. ಬೆರಳಿನ ಒಂದು ಕಡೆಯಿಂದ ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಇನ್ನೊಂದು ಕಡೆಗೆ ಎಷ್ಟು ಬಂತು ಅಂತ ಅಳೆಯುತ್ತದೆ. ಆಮ್ಲಜನಕ ತುಂಬಿದ ರಕ್ತ ಇನ್‌ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತದೆ, ಆಮ್ಲಜನಕ ಇಲ್ಲದ ರಕ್ತ ಕೆಂಪನ್ನು ಜಾಸ್ತಿ ಹೀರುತ್ತದೆ. ಆದರೆ ಬೆರಳಲ್ಲಿ ಚರ್ಮ, ಮೂಳೆ ಎಲ್ಲಾ ಇದೆಯಲ್ಲ, ರಕ್ತದ ಲೆಕ್ಕವನ್ನು ಅದರಿಂದ ಬೇರೆ ಮಾಡುವುದು ಹೇಗೆ? ನಾಡಿ ಬಡಿದಾಗ ಏರಿಳಿಯುವ ಭಾಗವನ್ನಷ್ಟೇ ಎಣಿಸಿದರೆ ಸಾಕು ಎಂಬ ದಾರಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಕುವೊ ಅಓಯಾಗಿ. ಅದು 1970ರ ದಶಕದ ಮಾತು.

ಅಂದರೆ ನಾಡಿ ಸರಿಯಾಗಿ ಸಿಗದಿದ್ದರೆ ಶೇಕಡಾವಾರು ಸಂಖ್ಯೆಯನ್ನೂ ನಂಬುವಂತಿಲ್ಲ. ಬೆರಳು ತಣ್ಣಗಿರಬಹುದು, ಕೈ ನಡುಗುತ್ತಿರಬಹುದು, ಉಗುರಿಗೆ ಗಾಢ ಬಣ್ಣ ಹಚ್ಚಿರಬಹುದು. ಮುಂದಿನ ಸಲ ಹೀಗೆ ಮಾಡಿ: ಯಂತ್ರದ ಪರದೆಯಲ್ಲಿ ನಾಡಿ ಬಡಿತವೂ ಬರುತ್ತದೆ. ನೀವು ಮಣಿಕಟ್ಟು ಹಿಡಿದು ಎಣಿಸಿ. ಎರಡೂ ತಾಳೆಯಾಗದಿದ್ದರೆ ಬೆರಳನ್ನು ಉಜ್ಜಿ ಬೆಚ್ಚಗೆ ಮಾಡಿ ಮತ್ತೆ ನೋಡಿ. ಹಾಗಂತ ರೋಗಿ ನಗುತ್ತಾ ಮಾತಾಡುತ್ತಿದ್ದಾರೆ ಅಂತ ಕಡಿಮೆ ಸಂಖ್ಯೆಯನ್ನು ತಳ್ಳಿಹಾಕಬೇಡಿ. ಕೋವಿಡ್ ಕಾಲದಲ್ಲಿ ಆಮ್ಲಜನಕ ತೀರಾ ಇಳಿದಿದ್ದರೂ ಉಸಿರು ಕಟ್ಟಿದಂತೆ ಅನಿಸದವರು ಎಷ್ಟೋ ಜನ ಇದ್ದರು. ಎರಡನೇ ಸಲವೂ ಕಡಿಮೆ ಬಂದರೆ ತಡಮಾಡದೆ ಹಿರಿಯರಿಗೆ ಹೇಳಿ.

ಇದರ ತಿರುಗುಮುರುಗೂ ನಡೆಯುತ್ತದೆ, ಅದು ಇನ್ನೂ ಅಪಾಯ. ಬೆಂಕಿ ಅನಾಹುತದಲ್ಲಿ ಹೊಗೆ ಕುಡಿದವರಿಗೆ ಈ ಯಂತ್ರ 98 ತೋರಿಸಬಹುದು, ಏಕೆಂದರೆ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ. ಕಪ್ಪು ಚರ್ಮದವರಲ್ಲಿ ಇದು ಇರುವುದಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಹೆಚ್ಚು ಅಂತ 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ಇಷ್ಟು ವರ್ಷ ಬಳಸಿದ ಮೇಲೆ ಇದು ಎಲ್ಲರ ಗಮನಕ್ಕೆ ಬಂದದ್ದು ನನಗಂತೂ ಬೇಸರದ ಸಂಗತಿ.

ಪ್ರಶ್ನೆ: ನಾನು ಲೆಕ್ಕಪತ್ರ ನೋಡುವವನು. ಗ್ರಾಹಕರ 16 ಅಂಕಿಯ ಖಾತೆ ಸಂಖ್ಯೆಗಳನ್ನು ಎಕ್ಸೆಲ್‌ಗೆ ಹಾಕಿದೆ. ಈಗ ನೋಡಿದರೆ ಎಲ್ಲದರ ಕೊನೆಯ ಅಂಕಿ ಸೊನ್ನೆ! ವೈರಸ್ ಬಂದಿದೆಯಾ?

ಉತ್ತರ: ವೈರಸ್ ಅಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಆಮೇಲಿನದ್ದೆಲ್ಲ ಸೊನ್ನೆ. ಕೂಡಿ ಕಳೆಯುವ ಮೊತ್ತಕ್ಕೆ ಅಷ್ಟು ಸಾಕು. ಆದರೆ ಖಾತೆ ಸಂಖ್ಯೆಯನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ ಅಲ್ವಾ? ಅದು ಅಂಕಿಗಳಲ್ಲಿ ಬರೆದ ಹೆಸರು. ಎಕ್ಸೆಲ್‌ಗೆ ಇದು ಗೊತ್ತಿಲ್ಲ, ನೀವೇ ಹೇಳಬೇಕು. ಸಂಖ್ಯೆ ಹಾಕುವ ಮೊದಲೇ ಆ ಕಾಲಂ ಪೂರ್ತಿ ಆಯ್ಕೆ ಮಾಡಿ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್ ಅಂತ ಬದಲಿಸಿ. ಈಗಾಗಲೇ ಸೊನ್ನೆಯಾಗಿರುವುದು ವಾಪಸ್ ಬರುವುದಿಲ್ಲ, ದಯವಿಟ್ಟು ಮೂಲ ಪಟ್ಟಿಯಿಂದಲೇ ಮತ್ತೆ ತುಂಬಿ.

ಇದರಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಸಿಕ್ಕಿಬಿದ್ದಿದ್ದಾರೆ. ಮನುಷ್ಯರಲ್ಲಿ ಸೆಪ್ಟ್1, ಮಾರ್ಚ್1 ಅನ್ನುವ ಹೆಸರಿನ ಜೀನ್‌ಗಳಿದ್ದವು. ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅವನ್ನು ಸೆಪ್ಟೆಂಬರ್ 1, ಮಾರ್ಚ್ 1 ಅಂತ ತಾರೀಕು ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ತಪ್ಪಿದೆ ಅಂತ 2016ರಲ್ಲಿ ಪರಿಶೀಲಿಸಿದವರಿಗೆ ಗೊತ್ತಾಯಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಹೆಸರುಗಳನ್ನೇ ಬದಲಿಸಿತು. ಈಗ ಅವು ಸೆಪ್ಟಿನ್1, ಮಾರ್ಚ್‌ಎಫ್1.

ಪ್ರಶ್ನೆ: ನಾನು ಹೊಸದಾಗಿ ವಕೀಲಿ ಶುರು ಮಾಡಿದ್ದೇನೆ. ಹಳೆಯ ತೀರ್ಪುಗಳನ್ನು ಹುಡುಕಲು ಎಐ ಬಳಸಬಹುದೇ?

ಉತ್ತರ: ಹುಡುಕಲು ಬಳಸಿ. ಆದರೆ ಮೂಲ ತೀರ್ಪನ್ನು ನೀವೇ ತೆರೆದು ಓದದೆ ಒಂದು ಸಾಲನ್ನೂ ಕೋರ್ಟಿಗೆ ಕೊಡಬೇಡಿ. 2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಹುಟ್ಟುಹಾಕಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ಕಟ್ಟಬೇಕಾಯಿತು. ಇವು ನಿಜವಾದ ಕೇಸುಗಳೇ ಅಂತ ಅವರಲ್ಲೊಬ್ಬರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಅದು ಹೌದು ಅಂದಿತ್ತು.

ಪ್ರಶ್ನೆ: ಮಗಳಿಗೆ ಗಿಡ, ಮಣ್ಣು ಅಂದರೆ ಪ್ರಾಣ. ಮುಂದೆ ಎಲ್ಲಾ ಕಡೆ ಟೆಕ್ನಾಲಜಿಯೇ ಅನ್ನುತ್ತಾರೆ. ಕಂಪ್ಯೂಟರ್ ಸೈನ್ಸ್‌ಗೇ ಸೇರಿಸಿಬಿಡಲಾ?

ಉತ್ತರ: ಬೇಡ ತಾಯಿ. ಜಿಪಿಎಸ್ ನೋಡಿಕೊಂಡು ಎರಡು ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ಆಚೀಚೆ ಆಗದಂತೆ ಸಾಲು ಹಿಡಿದು ಹೋಗುವ ಟ್ರ್ಯಾಕ್ಟರ್‌ಗಳು ಈಗ ಇವೆ, ನಿಜ. ಆದರೆ ಯಾವ ಮಣ್ಣಿಗೆ ಯಾವ ಬೀಜ, ಈ ಎಲೆ ಹಳದಿಯಾದದ್ದು ನೀರು ಜಾಸ್ತಿಯಾಗಿಯೋ ಸಾರಜನಕ ಸಾಲದೆಯೋ ಅಂತ ತಿಳಿದವರು ಇಲ್ಲದಿದ್ದರೆ ಆ ಟ್ರ್ಯಾಕ್ಟರ್ ತಪ್ಪನ್ನೇ ನೇರ ಸಾಲಿನಲ್ಲಿ ಮಾಡುತ್ತದೆ.

ಒಂದು ವಿಷಯ ಹೇಳುತ್ತೇನೆ. ಲೋಹದ ಒಳಗಿನ ಬಿರುಕು ಹುಡುಕಲು ಕಾರ್ಖಾನೆಗಳಲ್ಲಿ ಅಲ್ಟ್ರಾಸೌಂಡ್ ಯಂತ್ರ ಇಟ್ಟಿದ್ದರು, ಅದು ಕಿವಿಗೆ ಕೇಳದ ಸದ್ದು ಕಳಿಸಿ ಪ್ರತಿಧ್ವನಿ ಹಿಡಿಯುತ್ತದೆ. 1955ರಲ್ಲಿ ಗ್ಲಾಸ್ಗೋದ ಹೆರಿಗೆ ಡಾಕ್ಟರ್ ಇಯಾನ್ ಡೊನಾಲ್ಡ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರ್ ಕಾರ್ಖಾನೆಗೆ ಹೋಗಿ ಅದೇ ಯಂತ್ರ ಹಿಡಿದು ನೋಡಿದರು. ನೀರು ತುಂಬಿದ ಗೆಡ್ಡೆಗೂ ಗಟ್ಟಿ ಗೆಡ್ಡೆಗೂ ಪ್ರತಿಧ್ವನಿ ಬೇರೆ ಬೇರೆ ಬಂತು. ಬಸುರಿಯರಿಗೆ ಇವತ್ತು ಮಾಡುವ ಸ್ಕ್ಯಾನಿಂಗ್ ಬೆಳೆದದ್ದು ಅಲ್ಲಿಂದ. ಗೆಡ್ಡೆ ಅಂದರೇನು ಅಂತ ಗೊತ್ತಿದ್ದ ಡಾಕ್ಟರಿಗೆ ಅದು ಹೊಳೆಯಿತು.

ಮಗಳನ್ನು ಕೃಷಿ ವಿಜ್ಞಾನಕ್ಕೇ ಸೇರಿಸಿ. ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಚೆನ್ನಾಗಿ ಕಲಿಯಲಿ, ಸ್ವಲ್ಪ ಪ್ರೋಗ್ರಾಮಿಂಗ್ ಕೂಡ. ಪ್ರೋಗ್ರಾಮಿಂಗ್ ಅನ್ನು ಬೇಕಾದಾಗ ಕೆಲವು ತಿಂಗಳಲ್ಲಿ ಹಿಡಿದುಕೊಳ್ಳಬಹುದು. ಮಣ್ಣಿನ ಮೇಲಿರುವ ಪ್ರೀತಿ ಹಾಗಲ್ಲ, ಅದು ಅವಳಲ್ಲಿ ಈಗಾಗಲೇ ಇದೆ.