ಹೋಗಲು ಎರಡು ತಾಸು, ಬರಲು ಐದು ತಾಸೇ?

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಮಂಗಳೂರಿನಿಂದ ಹೋಗುವ ಟಿಕೆಟ್‌ನಲ್ಲಿ ಹೊರಡುವುದು 10:30, ತಲುಪುವುದು 12:50. ಬರುವ ಟಿಕೆಟ್‌ನಲ್ಲಿ ಹೊರಡುವುದು 14:00, ತಲುಪುವುದು 18:45. ದಾರಿ ಒಂದೇ ಆದರೂ ಇಷ್ಟು ವ್ಯತ್ಯಾಸ ಏಕೆ?
– ಓದುಗರು, ಭಟ್ಕಳ

ಉತ್ತರ: ನಿಜವಾಗಿ ಹೆಚ್ಚು ಹೊತ್ತು ಹಿಡಿಯುವುದು ಹೋಗುವಾಗಲೇ. ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ, ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ 12:50 ಆದಾಗ ಭಟ್ಕಳದಲ್ಲಿ 2:20. ಹಾಗಾಗಿ ಹೋಗುವ ಪ್ರಯಾಣ 3 ತಾಸು 50 ನಿಮಿಷ. ಬರುವಾಗ ಅಲ್ಲಿಯ 14:00 ಎಂದರೆ ಇಲ್ಲಿ 15:30, ಅಲ್ಲಿಂದ 18:45ಕ್ಕೆ 3 ತಾಸು 15 ನಿಮಿಷ.

ಉಳಿದ 35 ನಿಮಿಷದ ವ್ಯತ್ಯಾಸ ಗಾಳಿಯದು. ಎರಡೂ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 2,460 ಕಿ.ಮೀ. ಭೂಗೋಳದ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಸಿಗುವ ಅಳತೆ ಇದು. ವಿಮಾನ ತನಗೆ ಗೊತ್ತುಮಾಡಿದ ಮಾರ್ಗ ಹಿಡಿದು ತುಸು ಹೆಚ್ಚೇ ಹಾರುತ್ತದೆ. ಇಂಥ ಜೆಟ್ ವಿಮಾನ ಗಾಳಿಯೊಳಗೆ ತಾಸಿಗೆ ಸುಮಾರು 830 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಚಳಿಗಾಲದಲ್ಲಿ ಆ ಎತ್ತರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ಅದು 80 ಕಿ.ಮೀ. ಇದೆ ಎಂದಿಟ್ಟುಕೊಳ್ಳಿ. ಹೋಗುವಾಗ ಎದುರುಗಾಳಿ, ನೆಲದ ಲೆಕ್ಕದಲ್ಲಿ ವೇಗ 750. ದಾರಿ ಸವೆಯಲು 3 ತಾಸು 17 ನಿಮಿಷ. ಬರುವಾಗ ಅದೇ ಗಾಳಿ ಬೆನ್ನಿಗೆ, ವೇಗ 910. 2 ತಾಸು 42 ನಿಮಿಷ ಸಾಕು. ಎರಡಕ್ಕೂ ಅರ್ಧ ತಾಸಿನ ಮೇಲೆ ಸೇರಿಸಿ, ಟಿಕೆಟ್‌ನ ಸಮಯಕ್ಕೆ ತಾಳೆಯಾಗುತ್ತದೆ. ಏಕೆಂದರೆ ಹೊರಡುವ ಸಮಯ ಎಂದರೆ ವಿಮಾನ ನಿಂತ ಜಾಗ ಬಿಡುವ ಹೊತ್ತು, ರನ್‌ವೇ ಬಿಡುವ ಹೊತ್ತಲ್ಲ. ಮೇಲೇರುವಾಗ, ಇಳಿಯುವಾಗ ಪೂರ್ತಿ ವೇಗವೂ ಇರುವುದಿಲ್ಲ. ಮಳೆಗಾಲದಲ್ಲಿ ಈ ಪಶ್ಚಿಮದ ಗಾಳಿ ಉತ್ತರಕ್ಕೆ ಸರಿಯುವುದರಿಂದ ವ್ಯತ್ಯಾಸ ಕಡಿಮೆಯಾಗುತ್ತದೆ.

ಮಗನನ್ನು ಕರೆತರಲು ಹೋಗುವವರು 18:45ಕ್ಕೇ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿರಬೇಕಿಲ್ಲ. ಇಮಿಗ್ರೇಷನ್, ಸಾಮಾನು ಮುಗಿಸಿ ಹೊರಬರಲು ಮುಕ್ಕಾಲು ತಾಸಾದರೂ ಬೇಕು. ಭಟ್ಕಳದಿಂದ ಹೆದ್ದಾರಿ 66ರಲ್ಲಿ ಸುಮಾರು 140 ಕಿ.ಮೀ., ಮೂರು ತಾಸು. ನಾಲ್ಕು ಗಂಟೆಗೆ ಹೊರಟರೆ ಸರಿ. ಕಳಿಸಲು ಹೋಗುವ ದಿನ ಮಾತ್ರ ಸಡಿಲ ಬೇಡ. ವಿದೇಶಿ ವಿಮಾನದ ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. 10:30ರ ವಿಮಾನಕ್ಕೆ 7:30ಕ್ಕೆ ಅಲ್ಲಿರಿ, ಅಂದರೆ ನಸುಕಿನ ನಾಲ್ಕೂವರೆಗೆ ಮನೆ ಬಿಡಿ. ಜೋರು ಮಳೆಯಿದ್ದರೆ ನಾಲ್ಕಕ್ಕೆ.

ಪ್ರಶ್ನೆ: ಕಾರವಾರದಿಂದ ಬೆಂಗಳೂರಿಗೆ ವಿಮಾನ ಹಿಡಿಯಲು ಗೋವಾದ ಎರಡು ನಿಲ್ದಾಣಗಳಲ್ಲಿ ದಾಬೋಳಿ ಒಳ್ಳೆಯದೋ, ಮೋಪಾ ಒಳ್ಳೆಯದೋ?
– ಓದುಗರು, ಕೋಡಿಬಾಗ

ಉತ್ತರ: ಟಿಕೆಟ್ ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲದಿದ್ದರೆ ದಾಬೋಳಿ. ಆಕಾಶದಲ್ಲಿ ದಾಬೋಳಿ–ಬೆಂಗಳೂರು ಸುಮಾರು 480 ಕಿ.ಮೀ., ಮೋಪಾ–ಬೆಂಗಳೂರು ಸುಮಾರು 500. ಆ 20 ಕಿ.ಮೀ. ಜೆಟ್ ವಿಮಾನಕ್ಕೆ ಒಂದೂವರೆ ನಿಮಿಷದ ದಾರಿ. ರಸ್ತೆಯ ಲೆಕ್ಕ ಬೇರೆ: ದಾಬೋಳಿ ಸುಮಾರು 90 ಕಿ.ಮೀ., ಮೋಪಾ ಗೋವಾದ ಉತ್ತರ ತುದಿಯ ಪೆಡ್ಣೆ ತಾಲೂಕಿನಲ್ಲಿದ್ದು ಸುಮಾರು 130 ಕಿ.ಮೀ. ಒಂದು ತಾಸು ಹೆಚ್ಚೇ ಹಿಡಿಯುತ್ತದೆ. 2023ರ ಜನವರಿಯಲ್ಲಿ ಮೋಪಾದಿಂದ ವಿಮಾನಗಳು ಶುರುವಾದ ಮೇಲೆ ಎರಡು ಕಡೆಯ ಟಿಕೆಟ್‌ಗಳಲ್ಲೂ ‘ಗೋವಾ’ ಎಂದೇ ಇರುತ್ತದೆ. ಪಕ್ಕದ ಮೂರಕ್ಷರ ನೋಡಿ: ಜಿಒಐ ಎಂದರೆ ದಾಬೋಳಿ, ಜಿಒಎಕ್ಸ್ ಎಂದರೆ ಮೋಪಾ. ಕಾರು ಗೊತ್ತುಮಾಡುವಾಗ ಡ್ರೈವರ್‌ಗೂ ಊರಿನ ಹೆಸರು ಹೇಳಿಯೇ ಖಚಿತಪಡಿಸಿಕೊಳ್ಳಿ.